ಅವರ ಮುಂದೆ ಯಾಕೆ ಹೇಳಲಿ

6 ಸೆಪ್ಟೆಂಬರ್ 1976, ಬೆಳ್ಳಟ್ಟಿ

ಮಧ್ಯಾಹ್ನದ ಬೆಲ್, ಸ್ಟಾಫ್ ರೂಮು. ರೊಟ್ಟಿ, ಶೇಂಗಾ ಚಟ್ನಿ, ಆಮೇಲೆ ದಿನದ ಜಗಳ. ಅನ್ನಪೂರ್ಣವ್ವ ಅಕ್ಕೋರು ಶಾಲೆಯಲ್ಲಿ ನನಗಿಂತ ಬಹಳ ಸೀನಿಯರ್ ಟೀಚರ್. ಎಮರ್ಜೆನ್ಸಿ ಪರ.

"ಬಸ್ಸು ಟೈಮಿಗೆ ಬರಾಕತ್ತಾವ, ಮಾಸ್ತರೂ ಟೈಮಿಗೆ ಬರಾಕತ್ತಾರ. ಮತ್ತೇನ ಬೇಕ್ರಿ?"

ತಡೆಯಲಾಗಲಿಲ್ಲ. "ಮಕ್ಕಳಾಗದಂಗ ಆಪರೇಶನ್ ಮಾಡಸಾಕ ಮಂದಿ ಹಿಡಕೊಂಡ ಬರ್ರಿ ಅಂತ ನಮಗ ಆರ್ಡರ್. ಇದು ಸರಕಾರನೋ, ದನದ ಸಂತಿನೋ?"

ಅವರು ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿದರು. "ನಾ ಒಪ್ಪಂಗಿಲ್ಲ, ಮುಮ್ತಾಜ. ಆದ್ರ ವಿಚಾರ ಮಾಡ್ತೀನಿ. ನಾಳಿ ಮತ್ತ ಹೇಳ್ರಿ."

ಮನೆಯಲ್ಲೂ ನನ್ನ ಮಾತನ್ನು ಇಷ್ಟು ಹೊತ್ತು ಯಾರೂ ಕೇಳುವುದಿಲ್ಲ.

ಅದೇ ಸಂಜೆ

ಈಗ ನೆನಪಾಯಿತು, ನಾವು ಜಗಳಾಡುವಾಗ ಸ್ಟಾಫ್ ರೂಮಿನ ಕಿಟಕಿ ತೆರೆದಿತ್ತು... ಹೊರಗೆ ಯಾರೋ ಸೈಕಲ್ ಹಿಡಿದು ನಿಂತಿದ್ದ. ಯಾರು?

9 ಸೆಪ್ಟೆಂಬರ್

ಶಿರಹಟ್ಟಿಯಿಂದ ಜೀಪು. ಶಿಕ್ಷಣ ಇಲಾಖೆಯ ಸಾಹೇಬರು ಅನ್ನಪೂರ್ಣವ್ವರನ್ನು ಕರೆದು ಬಾಗಿಲು ಹಾಕಿಕೊಂಡರು. ಇತ್ತ ಹುಡುಗಿಯರಿಗೆ ಮಗ್ಗಿ ಹೇಳಿಸುತ್ತಿದ್ದೆ — ನಾನೇ ತಪ್ಪಿದೆ. ಹೊರಬಂದ ಅನ್ನಪೂರ್ಣವ್ವ ನನ್ನ ಕಡೆ ನೋಡಲಿಲ್ಲ.

ಹೇಳಿಬಿಟ್ಟರೇ? ನೌಕರಿ ಹೋದರೆ ಅಮ್ಮನ ಗತಿ? ಒಳಗೆ ಹಾಕಿದರೆ ನನ್ನಂಥವಳಿಗೆ ಜಾಮೀನು ನಿಲ್ಲುವವರು ಯಾರು?

10 ಸೆಪ್ಟೆಂಬರ್

ಊಟದ ಹೊತ್ತು. ಅನ್ನಪೂರ್ಣವ್ವರೇ ಕಿಟಕಿ ಮುಚ್ಚಿ ಬಂದು ಕೂತರು.

"ಸ್ಟಾಫ್ ರೂಮಿನ್ಯಾಗ ಸರಕಾರಕ್ಕ ಬೈದಾಕಿ ಯಾರು ಅಂತ ಕೇಳಿದ್ರು. ನಾನ ಬೈದಾಕಿ ಅಂದೆ."

"ನೀವಾ? ನೀವು ಅವ್ರ ಕಡೆಯವ್ರು!"

"ಈಗೂ ಅವ್ರ ಕಡೆನ. ನಿಮ್ಮದು ತಪ್ಪ ಐತಿ ಅಂತ ನಿಮ್ಮ ಮುಂದ ಹೇಳ್ತೀನಿ. ಅವ್ರ ಮುಂದ ಯಾಕ ಹೇಳ್ಲಿ?"

ಮತ್ತೆ ಬಸ್ಸಿನ ಟೈಮಿನ ಮಾತಿಗೇ ಹೋದರು.

27 ಸೆಪ್ಟೆಂಬರ್

ಇಷ್ಟು ದಿನ ಬರೆಯಲು ಧೈರ್ಯವಾಗಲಿಲ್ಲ. ಅನ್ನಪೂರ್ಣವ್ವ ಸಸ್ಪೆಂಡ್. ನಾಳೆ ಶಿರಹಟ್ಟಿಯಲ್ಲಿ ವಿಚಾರಣೆ. ಸುಮ್ಮನಿದ್ದರೆ ನಾನು ಬಚಾವ್. ಅದನ್ನೇ ಹತ್ತು ಸಲ ಹೇಳಿಕೊಂಡೆ.

28 ಸೆಪ್ಟೆಂಬರ್, ಶಿರಹಟ್ಟಿ

ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಹೋಗಬ್ಯಾಡ ಬೇಟಿ, ನಿನ್ನೂ ಒಳಗ ಹಾಕ್ತಾರ." ದಾಟಿ ಬಂದೆ. ಈಗ ಆಫೀಸಿನ ಬೆಂಚು. ಸುಮ್ಮನೆ ಕೂತರೆ ಓಡಿಹೋಗುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅನ್ನಪೂರ್ಣವ್ವ ಸರಿದು ಜಾಗ ಕೊಟ್ಟರು. "ಯಾಕ ಬಂದ್ರಿ?"

"ನನ್ನ ಮಾತು. ನಾನ ಹೇಳಬೇಕು."

"ಹೇಳ್ರಿ. ಹೊರಗ ಬಂದ ಮ್ಯಾಲೆ ನಿಮ್ಮದು ತಪ್ಪ ಅಂತ ನಾನೂ ಹೇಳಾಕಿ ಮತ್ತ."

ಜವಾನ ಅವರ ಹೆಸರು ಕೂಗುತ್ತಿದ್ದಾನೆ. ಏಳುತ್ತಿದ್ದಾರೆ. ಅವರಿಗಿಂತ ಮೊದಲು ನಾನು ಒಳಗೆ—