ಹೊಸ ಟೇಪು

ಭಾನುವಾರ, ಜೂನ್ ೧೪

ಪ್ರೀತಿಯ ಗುಂಡ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಮುಕ್ಕಾಲು ಪಾಲು ಕ್ಷೇಮ ಎಂದಿಟ್ಟುಕೋ. ನಿನ್ನ ಮಗಳು ಹುಟ್ಟಿದಾಗ ಎರಡು ಸಾಲು ಬರೆದದ್ದೇ ಕೊನೆ, ಹನ್ನೊಂದು ವರ್ಷವಾಯಿತು. ತಪ್ಪು ನನ್ನದೇ. ಬೈದುಕೊಂಡೇ ಓದು, ಆದರೆ ಕೊನೆಯವರೆಗೂ ಓದು. ನಿನ್ನಿಂದ ಒಂದು ಕೆಲಸ ಆಗಬೇಕು: ಈ ವಾರವೇ ಆಸ್ಪತ್ರೆಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಬೇಕು.

ಯಾಕೆ ಅಂತ ಹೇಳುತ್ತೇನೆ. ಚಳಿ ಮುಗಿಯುವ ಹೊತ್ತಿಗೆ ನನಗೊಂದು ಕೆಮ್ಮು ಹಿಡಿಯಿತು, ಬಿಡಲೇ ಇಲ್ಲ. ಅದಕ್ಕೆಂದು ತೆಗೆಸಿದ ಚಿತ್ರದಲ್ಲಿ ಬೇರೇನೋ ಕಂಡಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಿದೆಯಲ್ಲ, ಮಹಾಧಮನಿ, ನನ್ನದು ಒಂದು ಕಡೆ ಉಬ್ಬಿದೆಯಂತೆ. ನಾಲ್ಕು ಪಾಯಿಂಟ್ ಆರು ಸೆಂಟಿಮೀಟರ್. ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗೆ ಹೇಳಿದರು: "ಈಗಲೇ ಆಪರೇಷನ್ ಬೇಡಮ್ಮ. ಬಿಪಿ ಮಾತ್ರೆ ತಪ್ಪಿಸ್ಬೇಡಿ, ಭಾರ ಎತ್ಬೇಡಿ. ಆರು ತಿಂಗಳಿಗೊಮ್ಮೆ ನೋಡ್ತಾ ಇರೋಣ." ಬೆಳೆದು ಒಡೆದರೆ? ಅದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿನ್ನ ಭಾವ ಹೊರಗೆ ಬಂದು ಸ್ಕೂಟರಿನ ಕೀಲಿಗಾಗಿ ಹತ್ತು ನಿಮಿಷ ಜೇಬು ತಡಕಿದರು. ಕೀಲಿ ಅವರ ಕೈಯಲ್ಲೇ ಇತ್ತು.

ಮೂವತ್ತು ವರ್ಷ ಕಂಡವರ ಮೈಯೆಲ್ಲ ಅಳೆದ ದರ್ಜಿ ನಾನು. ಸೆಂಟಿಮೀಟರ್ ಅಂದ ಮೇಲೆ ಸುಮ್ಮನಿರುತ್ತೇನೆಯೇ? ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಎದೆಗೆ ಟೇಪು ಸುತ್ತಿ, ಅಳತೆ ಪುಸ್ತಕದಲ್ಲಿ ಗಿರಾಕಿಯ ಹೆಸರಿರಬೇಕಾದ ಜಾಗದಲ್ಲಿ 'ನಾನು' ಎಂದು ಬರೆದು ಗುರುತು ಹಾಕತೊಡಗಿದೆ. ಒಳಗಿನದು ಹಿಗ್ಗಿದರೆ ಹೊರಗೆ ಗೊತ್ತಾಗದೆ ಇರುತ್ತದೆಯೇ ಅನ್ನುವುದು ನನ್ನ ಬುದ್ಧಿವಂತಿಕೆ. ಇಸ್ತ್ರಿಪೆಟ್ಟಿಗೆ ಭಾರವೆಂದು ನಿನ್ನ ಭಾವನ ಕೈಗೆ ಹೋಯಿತು. ಮೊದಲ ದಿನವೇ ಒಂದು ಕಾಲರ್ ಸುಟ್ಟರು. ಮೂರು ವಾರ ನನ್ನ ಅಳತೆ ಅಲುಗಲಿಲ್ಲ. ಒಂದು ಗುರುವಾರ ನೋಡುತ್ತೇನೆ, ಮುಕ್ಕಾಲು ಇಂಚು ಜಾಸ್ತಿ! ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಬಿಟ್ಟೆ. ಭಾವ ಬರಿಗಾಲಲ್ಲೇ ಓಡಿ ಆಟೋ ತಂದರು.

ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಮನೆಗೆ ಬಂದರೆ ಗೋಡೆಯ ಮೊಳೆಯಲ್ಲಿ ಹಳೆಯ ಟೇಪು ನೇತಾಡುತ್ತಿದೆ. ಹಿಂದಿನ ಸಂಜೆ ಹೊಸದನ್ನು ಬಿಚ್ಚಿದ್ದೆ, ಬೆಳಿಗ್ಗೆ ಅಳೆದದ್ದು ಅದರಲ್ಲೇ ನೋಡು! ಹಳೆಯದು ಎಳೆದೆಳೆದು ಹಿಗ್ಗಿ ಎಲ್ಲವನ್ನೂ ಕಡಿಮೆ ತೋರಿಸುತ್ತಿತ್ತು. ವರ್ಷಕ್ಕೊಮ್ಮೆ ಟೇಪು ಬದಲಾಯಿಸಿ ಎಂದು ಹೊಲಿಗೆ ಕಲಿಯಲು ಬರುವವರಿಗೆಲ್ಲ ಪಾಠ ಹೇಳುವವಳು ನಾನೇ. ನಗುವುದಿದ್ದರೆ ನಕ್ಕುಬಿಡು. ನಿನ್ನ ನಗು ಕೇಳಿ ಎಷ್ಟು ಕಾಲವಾಯಿತೋ.

ಅವತ್ತು ಡಾಕ್ಟರು ನನ್ನ ಮುಖ ನೋಡಿ, "ಶನಿವಾರ ನಾಲ್ಕಕ್ಕೆ ಮೊದಲ ಮಹಡಿಗೆ ಹೋಗಿ, ನಿಮ್ಮಂಥವರೇ ಕೂತಿರ್ತಾರೆ" ಎಂದಿದ್ದರು. ಹೋದೆ. ಕಾಲುನೋವಿನವರಿಗೆ ವ್ಯಾಯಾಮ ಮಾಡಿಸುವ ಕೋಣೆ, ಗೋಡೆಗೊರಗಿಸಿದ ಚಾಪೆಗಳು, ಒಂಬತ್ತು ಪ್ಲಾಸ್ಟಿಕ್ ಕುರ್ಚಿ. ಬಾಗಿಲಲ್ಲೇ ಅನುಮಾನಿಸುತ್ತಾ ನಿಂತೆ. ಒಳಗಿನಿಂದ ಒಂದು ದೊಡ್ಡ ಗಂಟಲು: "ಮುಂದೆ ಬನ್ನಿ, ಮುಂದೆ ಬನ್ನಿ, ಜಾಗ ಇದೆ!"

ಅವರೇ ನಮ್ಮ ಕಂಡಕ್ಟರಮ್ಮ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ಆರು ವರ್ಷದ ಹಿಂದೆ ಅವರ ಎದೆ ತೆರೆದು, ಉಬ್ಬಿದ ತುಂಡು ತೆಗೆದು ಬಟ್ಟೆಯ ಕೊಳವೆ ಹೊಲಿದರಂತೆ. ಬಟ್ಟೆ ಕಣೋ! ಕೈಹೊಲಿಗೆ! ಎಂಥ ನೂಲು, ಎಷ್ಟು ಹತ್ತಿರ ಹತ್ತಿರ ಹೊಲಿಗೆ ಎಂದು ನಾನು ಕೇಳಿದ್ದಕ್ಕೆ, "ನಂಗೆ ಅರಿವಳಿಕೆ ಕೊಟ್ಟಿದ್ರಮ್ಮ, ಇಲ್ದಿದ್ರೆ ನಿಂಗೋಸ್ಕರ ನೋಡ್ಕೊಂಡು ಬರ್ತಿದ್ದೆ" ಎಂದರು.

ಆ ಹೆಂಗಸಿನ ಬಗ್ಗೆ ಎಷ್ಟು ಬರೆದರೂ ಸಾಲದು. ಯಾರದಾದರೂ ಆಪರೇಷನ್ ಇದ್ದರೆ ಬೆಳಿಗ್ಗೆಯಿಂದ ಅವರ ಮನೆಯವರ ಪಕ್ಕದಲ್ಲಿ ಕೂರುತ್ತಾರೆ. ಧೈರ್ಯದ ಮಾತು ಒಂದೂ ಆಡುವುದಿಲ್ಲ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಾರೆ. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿಯೇ ಬರುತ್ತಾರೆ. ಕೇಳಿದರೆ, "ಹೊಸಬರು ಮೆಟ್ಲ ಮೇಲೆ ಅಳ್ತಾ ಕೂತಿರ್ತಾರೆ, ಲಿಫ್ಟಲ್ಲಿ ಬಂದ್ರೆ ಸಿಗಲ್ಲ" ಅನ್ನುತ್ತಾರೆ. ಪ್ರತಿ ಶನಿವಾರ ಎಲ್ಲರಿಗೂ ಅವರದು ಒಂದೇ ಪ್ರಶ್ನೆ: "ಈ ವಾರ ಏನಕ್ಕೆ ಹೆದರಿದ್ರಿ?" ಲೆಕ್ಕದ ಮೇಷ್ಟರೊಬ್ಬರು ಸೀನಲು ಹೆದರಿದ್ದರು. ನಾನು ಟೇಪಿನ ಕಥೆ ಹೇಳಿದೆ. ಯಾರೂ ನಗಲಿಲ್ಲ. "ನಾನು ಬಸ್ಸಲ್ಲಿ ಕೂತು ರಸ್ತೆಯ ಉಬ್ಬು ಎಣಿಸ್ತಿದ್ದೆ" ಎಂದರು ಕಂಡಕ್ಟರಮ್ಮ. "ಹೋಗ್ತಾ ಬರ್ತಾ ನಲವತ್ತೊಂದು. ದಿನಕ್ಕೆ ನಲವತ್ತೊಂದು ಸಲ ಸತ್ತೆ." ಆಗ ಎಲ್ಲರೂ ನಕ್ಕೆವು, ಮೇಷ್ಟರು ನಗುತ್ತಾ ನಗುತ್ತಾ ಸೀನಿಯೂ ಬಿಟ್ಟರು, ಏನೂ ಆಗಲಿಲ್ಲ. ನನ್ನ ಅಳತೆ ಪುಸ್ತಕದ ಆ ಹಾಳೆ ಈಗ ಕಂಡಕ್ಟರಮ್ಮನ ಚೀಲದಲ್ಲಿದೆ. ನಾನು ಮತ್ತೆ ರಾತ್ರಿ ನಿದ್ದೆ ಮಾಡುತ್ತಿದ್ದೇನೆ.

ಇನ್ನು ನಿನ್ನ ವಿಷಯ. ಇದು ಕೆಲವು ಮನೆಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದಂತೆ. ಕಂಡಕ್ಟರಮ್ಮ ತಮ್ಮ ಮೂವರು ಅಣ್ಣತಮ್ಮಂದಿರನ್ನು ಕಿವಿ ಹಿಡಿದು ಸ್ಕ್ಯಾನಿಗೆ ಕಳಿಸಿದರು, ಒಬ್ಬರಿಗೆ ಇತ್ತು. ಸಮಯಕ್ಕೆ ಸಿಕ್ಕಿದ್ದರಿಂದ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ನಿನಗೆ ನಲವತ್ತಾರು. ನೋವಿಲ್ಲ, ಉರಿಯಿಲ್ಲ, ನನಗ್ಯಾಕೆ ಅನ್ನಬೇಡ. ನನಗೂ ಏನೂ ಇರಲಿಲ್ಲ, ಬರೀ ಕೆಮ್ಮು.

ನಿನ್ನೆ ನನ್ನ ಸರದಿ ಬಂದಾಗ, "ತಮ್ಮನಿಗೆ ಕಾಗದ ಬರೆಯೋಕೆ ಹೆದರಿದೆ" ಎಂದೆ. ಕಂಡಕ್ಟರಮ್ಮ ನನ್ನನ್ನೇ ನೋಡಿದರು. "ಸ್ಕ್ಯಾನ್ ಮಾಡಿಸ್ಕೋ ಅನ್ನೋಕೆ ಯಾರೂ ಹೆದರಲ್ಲಮ್ಮ. ಇನ್ನೇನೋ ಇದೆ. ಅದನ್ನೂ ಬರಿ."

ನಿನ್ನ ಹೆಂಡತಿಗೆ, ಮಗಳಿಗೆ ಪ್ರೀತಿ. ಮಗಳ ಅಳತೆ ಕಳಿಸು, ಒಂದು ಫ್ರಾಕ್ ಹೊಲಿಯುತ್ತೇನೆ. ಹೊಸ ಟೇಪಿನಲ್ಲೇ ಅಳೆ. ನೂರು ವರ್ಷ ಬಾಳು.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದೇನೂ ಅಲ್ಲ. ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಹೋಗಿದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ಅಪ್ಪನ ಬಗ್ಗೆ ಹೇಳಿದೆ. ಐವತ್ತೆರಡು ವಯಸ್ಸು, ಹೆಗಲುಗಳ ನಡುವೆ ಸೀಳಿದಂಥ ನೋವು, ಅರ್ಧ ಗಂಟೆಯಲ್ಲಿ ಮುಗಿಯಿತು. "ಖಚಿತವಾಗಿ ಹೇಳೋಕಾಗಲ್ಲ, ಆದ್ರೆ ಇದೇ ಇರಬಹುದು" ಎಂದರು. ನೀನು ಹೊಲಿಗೆ ಕಲಿಯುವುದಿಲ್ಲವೆಂದು ಅಪ್ಪನ ಜೊತೆ ಜಗಳವಾಡಿದ್ದು ಅವತ್ತೇ. ಸಾವಿಗೆ ಬಂದವರೆಲ್ಲರ ಎದುರು, "ಅಪ್ಪನನ್ನ ತಿಂದುಕೊಂಡೆಯಲ್ಲೋ" ಎಂದು ನಿನಗೆ ಅಂದವಳು ನಾನು. ಹತ್ತೊಂಬತ್ತು ವರ್ಷದ ಹುಡುಗ ನೀನು, ಮನೆ ಬಿಟ್ಟೇ ಹೊರಟುಹೋದೆ. ಆ ಜಗಳಕ್ಕೆ ಮೂರು ದಿನ ಮೊದಲೇ ಅಪ್ಪ ಬೆನ್ನು ಹಿಡಿದುಕೊಂಡು ಕೂತಿದ್ದರು, ಗುಂಡ. ಮುಲಾಮು ತಿಕ್ಕಿ, ಮಷೀನಿನ ಮುಂದೆ ಬಗ್ಗಿ ಬಗ್ಗಿ ಹೀಗಾಗಿದೆ ಎಂದು ಸಮಾಧಾನ ಹೇಳಿದವಳು ನಾನೇ. ಇಪ್ಪತ್ತೇಳು ವರ್ಷ ಅದನ್ನು ಯಾರಿಗೂ ಹೇಳಲಿಲ್ಲ, ನಿನಗಂತೂ ಹೇಳಲಿಲ್ಲ. ನಾನು ಹೆದರಿದ್ದು ಇದನ್ನು ಬರೆಯಲು.