ಮೇಲಿನ ಚಾನೆಲ್‌ನಲ್ಲೇ ಇರುತ್ತೇನೆ

ಆರೋಗ್ಯ ಕೇಂದ್ರ, ದ್ವೀಪ
ಭಾನುವಾರ, ಊಟವಾದ ಮೇಲೆ

ಮಾತು ಕಮ್ಮಿ, ಮುನಿಸು ಜಾಸ್ತಿ ಇರುವ ನಮ್ಮ ರೇಡಿಯೋ ರಾಯರಿಗೆ,

ನಿಮ್ಮ ಕಾಗದ ತಲುಪಿತು. ಸಾಮಾನಿನ ದೋಣಿಯವನು ಔಷಧಿ ಪೆಟ್ಟಿಗೆಯ ಜೊತೆ ತಂದುಕೊಟ್ಟ. ಇಷ್ಟಕ್ಕೆ ಕಾಗದ ಯಾಕೆ, ರೇಡಿಯೋದಲ್ಲೇ ಉತ್ತರ ಹೇಳಬಹುದಿತ್ತಲ್ಲ ಅಂತೀರೇನೋ. ಅಲ್ಲಿ ಹೇಳಿದರೆ ಅರ್ಧ ಸಮುದ್ರ ಕಿವಿಗೊಟ್ಟು ಕೇಳುತ್ತದೆ. ನಾನು ನಿಮಗೆ ಬೈದದ್ದನ್ನು ಮೀನಿನ ದೋಣಿಯವರು ಇನ್ನೂ ಹೇಳಿಕೊಂಡು ನಗುತ್ತಿದ್ದಾರೆ.

ಆ ಮಧ್ಯಾಹ್ನ ಈ ಕಡೆ ಏನಾಯಿತು ಅಂತ ಕೇಳಿದ್ದೀರಿ. ಹೇಳುತ್ತೇನೆ. ಕಾಗದವಾದ್ದರಿಂದ ನೀವು ನಡುವೆ ಎದ್ದು ಹೋಗುವ ಹಾಗೂ ಇಲ್ಲ.

ಬಲೆ ಹೆಣೆಯುವವನ ಹೆಂಡತಿಗೆ ಹೆರಿಗೆಯಾಗಿತ್ತು. ಗಂಡು ಮಗು, ಊರು ಒಂದಾಗುವಂತೆ ಕಿರುಚಿತು. ಅದರ ಹಿಂದೆ ಬೀಳಬೇಕಾದ ಮಾಸು ಮಾತ್ರ ಬೀಳಲಿಲ್ಲ, ರಕ್ತ ಹೋಗತೊಡಗಿತು. ಆ ದಡದ ಆಸ್ಪತ್ರೆಯಲ್ಲಿ ನೀವು ಡಾಕ್ಟರಮ್ಮನನ್ನು ಮೈಕಿನ ಮುಂದೆ ಕೂರಿಸಿದ್ದಿರಿ. ಇಂಜೆಕ್ಷನ್ ಕೊಡಿ, ಹೊಕ್ಕುಳಬಳ್ಳಿ ಹಿಡಿದು ಜಗ್ಗಬೇಡಿ ಅಂತ ಅವರು ಹೇಳುತ್ತಿದ್ದರು. ಅಷ್ಟರಲ್ಲಿ ನೀವು ಬಾಯಿ ಹಾಕಿ, ನಿನ್ನ ದನಿ ಯಾಕೋ ನಡುಗ್ತಿದೆ, ಒಂದು ಗುಟುಕು ನೀರು ಕುಡಿ ಅಂದಿರಿ. ನನಗೆ ಎಲ್ಲಿತ್ತೋ ಆ ಕೋಪ! ನೀವು ಬಾಯಿ ಮುಚ್ಚಿಕೊಂಡು ಇರಿ, ಅದೊಂದು ನಿಮಗೆ ಚೆನ್ನಾಗಿ ಬರುತ್ತೆ ಅಂದುಬಿಟ್ಟೆ. ಡಾಕ್ಟರಮ್ಮ ಮತ್ತೆ ಮೈಕ್ ತೆಗೆದುಕೊಂಡು, ಅದಕ್ಕೂ ರಕ್ತ ನಿಲ್ಲದಿದ್ದರೆ ಅಂದರು. ಅಲ್ಲಿಗೆ ದನಿ ಹೋಯಿತು.

ಬರೀ ದನಿಯಲ್ಲ, ಸದಾ ಸುಂಯ್ ಅನ್ನುತ್ತಿದ್ದ ಸದ್ದೂ ಕ್ಷೀಣಿಸಿ ಅಡಗಿತು. ಸೆಟ್ಟಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ನಾನು ಏನೆಂದುಕೊಂಡೆ ಅಂತ ಬಿಡಿಸಿ ಹೇಳಬೇಕೇ? ನೀವೇ ಆಫ್ ಮಾಡಿದಿರಿ ಅಂದುಕೊಂಡೆ. ಮದುವೆಯಾದಾಗಿನಿಂದ ನೋಡಿದ್ದೇನಲ್ಲ, ಮಾತಿಗೆ ಮಾತು ಬೆಳೆದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುವ ಗಂಡಸು. ನಾನು ಈ ದ್ವೀಪದ ಕೆಲಸಕ್ಕೆ ಹೊರಟಾಗಲೂ ಅಷ್ಟೇ. ಹೋಗೋದಾದ್ರೆ ಹೋಗು, ನಾನಂತೂ ಬರಲ್ಲ ಅಂದು ಬೀದಿಗಿಳಿದವರು ನನ್ನ ದೋಣಿ ಬಿಡುವವರೆಗೂ ಪತ್ತೆ ಇರಲಿಲ್ಲ. ಅದನ್ನು ನೋಡಿ ನಾಚಿಕೆಪಟ್ಟು ನಿಮ್ಮಮ್ಮನೇ ನನ್ನ ಜೊತೆ ದೋಣಿ ಹತ್ತಿದರು. ಮಗನನ್ನು ಬಿಟ್ಟು ಸೊಸೆಯ ಹಿಂದೆ ಬಂದ ಅತ್ತೆ ಬೇರೆಲ್ಲೂ ಇರಲಾರರು.

ಆ ಹೊತ್ತು ಸೆಟ್ಟಿನ ಮುಂದೆ ಕೂತವರೂ ಅವರೇ, ನನ್ನ ಎರಡು ಕೈಯೂ ಬಾಣಂತಿಯ ಮೇಲಿದ್ದವು. ನಮಗಿರುವುದು ಎರಡೇ ಚಾನೆಲ್. ಮೇಲಿನ ಚಾನೆಲ್‌ಗೆ ತಿರುಗಿಸಿ ಕೂಗಿ ಅತ್ತೆ ಅಂದೆ. ಲೋ, ಎಲ್ಲಿ ಹಾಳಾಗಿ ಹೋದ್ಯೋ, ಮಾತಾಡೋ ಅಂತ ಕೂಗಿದರು. ಉತ್ತರವಿಲ್ಲ. ಕೆಳಗಿನದಕ್ಕೆ ತಿರುಗಿಸಿ ಕೂಗಿದರು, ಮತ್ತೆ ಮೇಲೆ, ಮತ್ತೆ ಕೆಳಗೆ. ಕೊನೆಗೆ ನನ್ನ ಮುಖ ನೋಡಿ, ನಿನ್ನ ಗಂಡನ್ನ ನಂಬ್ಕೊಂಡು ಕೂತ್ರೆ ಈ ಹುಡುಗಿ ಉಳಿಯಲ್ಲ ಕಣೇ ಅಂದರು. ಇಂಜೆಕ್ಷನ್ ಕೊಟ್ಟಿದ್ದರೂ ಹಾಸಿಗೆಗೆ ಹಾಸಿದ್ದ ಬಟ್ಟೆ ಅಷ್ಟರಲ್ಲಿ ಪೂರ್ತಿ ತೊಯ್ದಿತ್ತು.

ಆಮೇಲೆ ನಾನು ಕಾಯಲಿಲ್ಲ. ಉದ್ದನೆಯ ಗ್ಲೌಸು ಹಾಕಿಕೊಂಡೆ. ತರಬೇತಿಯಲ್ಲಿ ಬೇರೆಯವರು ಮಾಡಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ್ದೆ, ಸ್ವಂತ ಕೈಯಿಂದ ಮಾಡಿದವಳಲ್ಲ. ತುಂಬಾ ನೋವಾಗುತ್ತೆ ತಂಗಿ, ಆದ್ರೆ ನಾನು ನಿನ್ನ ಬಿಡಲ್ಲ ಅಂತ ಅವಳಿಗೆ ಹೇಳಿದೆ. ಒಂದು ಕೈಯಿಂದ ಹೊಟ್ಟೆಯನ್ನು ಮೇಲಿನಿಂದ ಅದುಮಿ ಹಿಡಿದು, ಇನ್ನೊಂದನ್ನು ಒಳಗೆ ಕಳಿಸಿ, ಮಾಸಿನ ಅಂಚು ಹುಡುಕಿ, ಅಂಗೈ ಬದಿಯಿಂದ ಮೆಲ್ಲಗೆ ಬಿಡಿಸುತ್ತಾ ಬಂದೆ. ಅವಳು ಕಿರುಚಿದಳು, ನಾನು ಕೈ ತೆಗೆಯಲಿಲ್ಲ. ಮಾಸು ಇಡಿಯಾಗಿ ಬಂತು. ತಟ್ಟೆಯಲ್ಲಿ ಹರಡಿ ನೋಡಿದೆ, ತುಂಡೇನೂ ಒಳಗೆ ಉಳಿದಿರಲಿಲ್ಲ. ಗರ್ಭಕೋಶ ಕೈಯಡಿಯಲ್ಲಿ ಗಟ್ಟಿಯಾಗುತ್ತಾ ಬಂದು ರಕ್ತ ನಿಂತಿತು. ನಾನು ಹಿತ್ತಲಿಗೆ ಹೋಗಿ ನೀರಿನ ಡ್ರಮ್ಮಿಗೆ ಒರಗಿಕೊಂಡು ಗಳಗಳನೆ ಅತ್ತುಬಿಟ್ಟೆ.

ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ನಾನು ಮಾತ್ರ ಅವತ್ತೇ ತೀರ್ಮಾನಿಸಿದ್ದೆ, ತನ್ನ ಮುನಿಸಿಗೆ ಒಂದು ಜೀವ ಬಲಿ ಕೊಡಲು ಹೇಸದವನ ಜೊತೆ ಇನ್ನು ಸಂಸಾರದ ಮಾತೇ ಇಲ್ಲ ಅಂತ. ಸಂಜೆ ರೇಡಿಯೋ ಸರಿಯಾದ ಮೇಲೂ ನಿಮ್ಮ ಜೊತೆ ಹೌದು, ಇಲ್ಲ, ಔಷಧಿ ಬೇಕು ಅಷ್ಟರಲ್ಲೇ ಮುಗಿಸಿದ್ದು ಅದಕ್ಕೆ.

ಈಗ ನಿಮ್ಮ ಕಾಗದ ಬಂದಿದೆ. ಅದು ಸೂರ್ಯನ ಕೆಲಸ ಅಂತ ಬರೆದಿದ್ದೀರಿ. ಓದಿ ಮೈಯೆಲ್ಲ ಉರಿದುಹೋಯಿತು. ತಪ್ಪಿಸಿಕೊಳ್ಳಲು ಮಹಾರಾಯರು ಸೂರ್ಯನನ್ನೇ ಹಿಡಿದು ತಂದರಲ್ಲ ಅಂತ ಅತ್ತೆಗೆ ಹೇಳಿದೆ. ಅತ್ತೆಯೂ ನಂಬಲಿಲ್ಲ. ಆಗ ಪೆಟ್ಟಿಗೆ ಇಳಿಸುತ್ತಿದ್ದ ದೋಣಿಯವನೇ ತಿರುಗಿ ನಿಂತು, ಅಯ್ಯೋ ಅಕ್ಕಾ, ಅವತ್ತು ಮಧ್ಯಾಹ್ನ ನಮ್ ರೇಡಿಯೋನೂ ಸತ್ತೋಗಿತ್ತು ಅಂದ. ಅದರ ಹೊಟ್ಟೆ ಬಿಚ್ಚಿ ತಿರುಪು, ತಂತಿ ಎಲ್ಲ ಹರಡಿಕೊಂಡು ಕೂತನಂತೆ. ತಾನಾಗೇ ಸರಿಹೋಗುವುದನ್ನು ಕೈಯಾರೆ ಕೆಡಿಸಿ, ಮರಳಿ ಜೋಡಿಸಲು ಬಾರದೆ ಸಂಜೆಯವರೆಗೆ ಒದ್ದಾಡಿದನಂತೆ.

ಹಾಗಾಗಿ ಕಾಗದವನ್ನು ಇನ್ನೊಮ್ಮೆ ಓದಿದೆ, ಸಿಟ್ಟನ್ನು ಪಕ್ಕಕ್ಕಿಟ್ಟು. ನನಗೆ ತಿಳಿದದ್ದು ಸರಿಯೇ ನೋಡಿ. ಇಷ್ಟು ದೂರದ ಸಮುದ್ರ ದಾಟಲು ನಮ್ಮ ದನಿ ನೆಟ್ಟಗೆ ಬರುವುದಿಲ್ಲ. ಆಕಾಶದ ತೀರಾ ಎತ್ತರದಲ್ಲಿ ವಿದ್ಯುತ್ ಕಣಗಳ ಪದರವಿದೆ, ಅಲ್ಲಿಗೆ ಏರಿ, ಅದು ಬಾಗಿಸಿ ಕಳಿಸಿದ ಮೇಲೆ ಕೆಳಗಿಳಿದು ಬರುತ್ತದೆ. ಅದರ ಕೆಳಗೆ ಹಗಲಲ್ಲಿ ಮಾತ್ರ ಇರುವ ತೆಳುವಾದ ಇನ್ನೊಂದು ಪದರ. ಸೂರ್ಯನ ಮೇಲೆ ಸ್ಫೋಟವಾದಾಗ ಬೆಳಕಿನ ಜೊತೆಯಲ್ಲೇ ಎಕ್ಸ್-ರೇ ಬಂದು ಆ ಕೆಳಗಿನ ಪದರವನ್ನು ದಟ್ಟ ಮಾಡಿಬಿಡುತ್ತದೆ. ಆಗ ದನಿ ಮೇಲಕ್ಕೆ ಏರುವ ಮೊದಲೇ ಅದು ನುಂಗಿಹಾಕುತ್ತದೆ. ಹಗಲಿರುವ ದೇಶಕ್ಕೆಲ್ಲ ಇದೇ ಗತಿ, ಇರುಳಿರುವ ಕಡೆ ಏನೂ ಆಗುವುದಿಲ್ಲ. ಮೊದಲು ಹೋಗುವುದೂ ಕೊನೆಗೆ ಮರಳುವುದೂ ಕಡಿಮೆ ಫ್ರೀಕ್ವೆನ್ಸಿಯ ಕೆಳಗಿನ ಚಾನೆಲ್. ಹೆಚ್ಚು ಫ್ರೀಕ್ವೆನ್ಸಿಯ ಮೇಲಿನದು ಬೇಗ ತೆರೆದುಕೊಳ್ಳುತ್ತದೆ.

ಅಲ್ಲಿಯವರೆಗೆ ಸರಿ. ಆದರೆ ಕೊನೆಯಲ್ಲಿ ನೀವು ಇನ್ನೊಂದು ಸಾಲು ಬರೆದಿದ್ದೀರಿ. ಮೇಲಿನ ಚಾನೆಲ್ಲಿನಲ್ಲಿ ಕೂಗಿದೆ, ಕೆಳಗಿನದಕ್ಕೆ ಬಂದು ಕೂಗಿದೆ, ಮತ್ತೆ ಮೇಲೆ ಹೋದೆ, ಅಲ್ಲಿ ಯಾವುದೋ ಹಡಗಿನವನು ಆಗಲೇ ಚೆನ್ನಾಗಿ ಕೇಳಿಸುತ್ತಿದ್ದ, ನೀನು ಮಾತ್ರ ಇರಲಿಲ್ಲ ಅಂತ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಂದರೆ ಹಾದಿ ತೆರೆದಿತ್ತು! ಅತ್ತೆ ಮೇಲಿದ್ದಾಗ ನೀವು ಕೆಳಗೆ, ನೀವು ಮೇಲೆ ಹೋದಾಗ ಅತ್ತೆ ಕೆಳಗೆ. ನಾವು ಒಬ್ಬರನ್ನೊಬ್ಬರು ಹುಡುಕುತ್ತಲೇ ತಪ್ಪಿಸಿಕೊಂಡಿದ್ದೇವೆ. ಸೂರ್ಯ ಕಿತ್ತುಕೊಂಡದ್ದು ಸ್ವಲ್ಪ ಹೊತ್ತು, ಉಳಿದದ್ದನ್ನು ಕಳೆದವರು ನಾವು.

ಇನ್ನು ಮುಂದೆ ಹೀಗಾಗಲು ನಾನು ಬಿಡುವುದಿಲ್ಲ. ಕೆಲವು ವರ್ಷ ಸೂರ್ಯನ ಆರ್ಭಟ ಹೀಗೇ ಇರುತ್ತದೆ ಅಂತ ನೀವೇ ಬರೆದಿದ್ದೀರಿ. ಸರಿ, ಅವನ ಪಾಡಿಗೆ ಅವನು ಆರ್ಭಟಿಸಲಿ. ಹಗಲಲ್ಲಿ ದನಿ ಹೋದರೆ ದ್ವೀಪದ ಸೆಟ್ ಮೇಲಿನ ಚಾನೆಲ್‌ಗೆ ಹೋಗಿ ಅಲ್ಲೇ ಕೂರುತ್ತದೆ. ಆಕಾಶವೇ ಕಳಚಿ ಬಿದ್ದರೂ ಕದಲುವುದಿಲ್ಲ. ಹುಡುಕುವ ಕೆಲಸ ಆಸ್ಪತ್ರೆಯ ಕಡೆಯವರದು. ಚಾನೆಲ್ ತಿರುಗಿಸುವ ಗುಂಡಿಯ ಪಕ್ಕದಲ್ಲಿ ಗಾಯಕ್ಕೆ ಹಚ್ಚುವ ಕೆಂಪು ಔಷಧಿಯಿಂದ ಗೆರೆ ಎಳೆದಿದ್ದೇನೆ. ಇದು ಸಲಹೆಯಲ್ಲ ರಾಯರೇ, ಡಾಕ್ಟರಮ್ಮನಿಗೂ ಹೇಳಿ ನಿಯಮ ಮಾಡಿಸಿ.

ಇನ್ನೊಂದು ವಿಷಯ. ಗಾಳಿ ದಿಕ್ಕು ತಿರುಗುವ ಕಾಲಕ್ಕೆ ಇಲ್ಲಿ ಇನ್ನೊಂದು ಹೆರಿಗೆಯಿದೆ. ಆ ಹೊತ್ತಿಗೆ ಹೊಸ ನರ್ಸ್ ಒಬ್ಬಳು ಬರುತ್ತಾಳೆ, ಆದರೆ ಅವಳ ಕೈ ಹೆರಿಗೆಯ ಕಡೆ ಇರುತ್ತದೆ. ಅತ್ತೆಗೆ ಒಂದು ಕಡೆ ಕೂತು ಗೊತ್ತಿಲ್ಲ, ಉತ್ತರ ಬರದಿದ್ದರೆ ಗುಂಡಿ ತಿರುಗಿಸದೆ ಇರಲಾರರು. ಆದ್ದರಿಂದ ಸೆಟ್ಟಿನ ಮುಂದೆ ಕದಲದೆ ಕೂರುವವರು ಯಾರಾದರೂ ಒಬ್ಬರು ಬೇಕು. ಅಲ್ಲಿನ ಕೆಲಸ ನೋಡಿಕೊಳ್ಳಲು ನಿಮ್ಮ ಕೈಕೆಳಗಿನವಳು ಪಳಗಿದ್ದಾಳಲ್ಲ. ಸಾಮಾನಿನ ದೋಣಿ ಮತ್ತೆ ಬರುವಾಗ ಕಳಿಸಿ.

ಊಟ, ನಿದ್ದೆ ಸರಿಯಾಗಿ ಮಾಡಿ. ಅತ್ತೆ ನಿಮ್ಮ ಮೇಲಿನ ಸಿಟ್ಟು ಕಾಲು ಭಾಗ ಇಳಿಸಿದ್ದಾರೆ. ನನ್ನದು ಎಷ್ಟು ಇಳಿದಿದೆ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ದ್ವೀಪದ ನರ್ಸಮ್ಮ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಬೇಸಿಗೆಯಲ್ಲಿ ಆಂಟೆನಾ ಕಂಬ ರಿಪೇರಿ ಅಂತ ಬಂದು, ಕಂಬ ನೆಟ್ಟಗಾದ ಮೇಲೂ ದೋಣಿ ತಪ್ಪಿತು ಅಂತ ನೆಪ ಹೇಳಿ ಉಳಿದಿರಲ್ಲ, ನೆನಪಿದೆಯೇ? ಆ ಹೆರಿಗೆ ನನ್ನದು. ಅತ್ತೆಗೆ ಈಗ ಗೊತ್ತು, ನನ್ನ ಕೈಯಿಂದ ಬಿಂದಿಗೆ ಕಿತ್ತುಕೊಳ್ಳುತ್ತಾರೆ. ನಾನು ಇಲ್ಲಿಂದ ಬರುವುದಿಲ್ಲ, ಇನ್ನಿಬ್ಬರು ಗರ್ಭಿಣಿಯರನ್ನು ಬಿಟ್ಟು ಹೇಗೆ ಬರಲಿ? ಅವತ್ತು ಒಬ್ಬ ತಾಯಿಯ ರಕ್ತ ನಿಲ್ಲದಿದ್ದಾಗ ನನಗೆ ಈ ವಿಷಯ ಗೊತ್ತಾಗಿ ಕೆಲವೇ ದಿನವಾಗಿತ್ತು. ನನ್ನ ದನಿ ನಡುಗಿದ್ದು ಅದಕ್ಕೆ. ಪಕ್ಕದಲ್ಲೇ ಇದ್ದ ಅತ್ತೆಗೂ ಆ ನಡುಕ ತಿಳಿಯಲಿಲ್ಲ, ಅಷ್ಟು ದೂರದಿಂದ ನಿಮಗೆ ತಿಳಿಯಿತು. ಮೇಲೆ ಯಾರಾದರೂ ಒಬ್ಬರು ಅಂತ ಬರೆದಿದ್ದೇನೆ. ಯಾರಾದರೂ ಅಲ್ಲ. ನಾನು ಕದಲುವುದಿಲ್ಲ, ನೀವು ಬನ್ನಿ.