ಅಕ್ಕನ ಎಡತೋಳು

ನವೆಂಬರ್ ೧೮, ಮಂಗಳವಾರ

ಅಕ್ಕನ ಅಂಗಿಯ ಎಡತೋಳಿನ ಹೊಲಿಗೆಯನ್ನು ಇವತ್ತು ಮತ್ತೆ ಬಿಚ್ಚಿದೆ. ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆ ಪೂರ್ತಿ ಮುಗಿದಿದೆ. "ಒಗೆದೂ ಒಗೆದೂ ಕುಗ್ಗಿದೆ ಕಣೇ, ಸ್ವಲ್ಪ ಸಡಿಲ ಮಾಡಿಕೊಡು" ಅಂತ ಅವಳು ಅಂದಾಗಲೆಲ್ಲ ನಂಬಿ ಬಿಚ್ಚಿಕೊಟ್ಟೆ. ಒಂದೇ ತೋಳು ಕುಗ್ಗುವ ಬಟ್ಟೆ ಎಲ್ಲಾದರೂ ಇದೆಯಾ? ನಾನೆಂಥ ದರ್ಜಿ! ತಲೆಯಲ್ಲಿ ಏನು ತುಂಬಿಕೊಂಡಿದ್ದೆನೋ.

ಸಂಜೆ ಬೇಡ ಬೇಡ ಅಂದರೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಅವಳ ಎಡ ಮುಂಗೈಯನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು, ಮೇಲೇಳಲಿಲ್ಲ. ರಕ್ತನಾಳಗಳಿಂದ ಮೈಯೊಳಗೆ ಸದಾ ನೀರು ಜಿನುಗುತ್ತಲೇ ಇರುತ್ತದಂತೆ. ಅದನ್ನು ಕೂದಲೆಳೆಯಂಥ ನಾಳಗಳು ಹೀರಿಕೊಂಡು, ಕಂಕುಳಿನ ಗ್ರಂಥಿಗಳನ್ನು ದಾಟಿಸಿ, ಮತ್ತೆ ರಕ್ತಕ್ಕೆ ಸೇರಿಸುತ್ತವಂತೆ. ಹೋದ ವರ್ಷ ಎದೆಯ ಗಡ್ಡೆ ತೆಗೆದಾಗ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ನೀರು ಬರುವುದು ನಿಂತಿಲ್ಲ, ಹೋಗುವ ದಾರಿ ಮಾತ್ರ ಇಲ್ಲ.

"ಊತ ಶುರುವಾದಾಗಲೇ ಬಿಗಿ ಪಟ್ಟಿ ಸುತ್ತಬೇಕಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ರಿ?" ಅಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಮನೆಗೆ ಬಂದು ಪಟ್ಟಿ ಸುತ್ತಿದೆ. "ತಂಗಿ ದರ್ಜಿಯಾದರೂ ಉಸಿರುಕಟ್ಟೋ ಬಟ್ಟೆ ಹಾಕೋ ಹಣೆಬರಹ ನೋಡು" ಅಂತ ನಕ್ಕಳು. ನನಗೂ ನಗು ಬಂತು.

ಮಲಗುವ ಮುಂಚೆ ಅದೇ ಅಂಗಿಯನ್ನು ತಂದು ಮಿಷನ್ ಮೇಲಿಟ್ಟಳು. "ಬಲತೋಳೂ ಸ್ವಲ್ಪ ಬಿಚ್ಚಿಕೊಡೇ. ಅದೂ ಬಿಗಿಯಾಗ್ತಿದೆ."

ಬಲಗಡೆ ಆಪರೇಷನ್ನಿನಲ್ಲಿ ಕತ್ತರಿ ಮುಟ್ಟಿಸಿಯೇ ಇಲ್ಲ. ಹಾಗಾದರೆ ಅಲ್ಲಿ ನೀರಿನ ದಾರಿ ಕಟ್ಟಿದ್ದು ಯಾವುದು?

ಎರಡೂ ತೋಳು ಬಿಗಿಯಾದರೆ ಬಟ್ಟೆಯದೇ ತಪ್ಪಿರಬಹುದು. ಬಟ್ಟೆ ಕುಗ್ಗುತ್ತೆ. ಒಗೆದೂ ಒಗೆದೂ ಕುಗ್ಗೇ ಕುಗ್ಗುತ್ತೆ, ಅದರಲ್ಲೇನು...